ನಿಮ್ಮ ಏರಿಯಾ ಮುಂಚೆ ಏನಾಗಿತ್ತು? ಕೆರೆಯಿಂದ ಕಾರ್ಪೊರೇಶನ್ ತನಕ ನೀವೇ ಹುಡುಕೋದು ಹೇಗೆ

ಕೆಲವು ವರ್ಷದ ಹಿಂದೆ ಒಂದು ಜೋರು ಮಳೆಗೆ ನಮ್ಮ ಲೇಔಟ್‌ನ ನಾಲ್ಕನೇ ಕ್ರಾಸಲ್ಲಿ ಸೊಂಟದ ಮಟ್ಟಕ್ಕೆ ನೀರು ನಿಂತಿತ್ತು, ಮೂರನೇ ಕ್ರಾಸಲ್ಲಿ ಚಪ್ಪಲಿನೂ ಒದ್ದೆ ಆಗಿರಲಿಲ್ಲ. ಎರಡಕ್ಕೂ ಮಧ್ಯ ನೂರು ಹೆಜ್ಜೆ ಇಲ್ಲ, ನೋಡೋಕೆ ರಸ್ತೆ ಒಂದೇ ಮಟ್ಟ. ಎಲ್ಲರೂ ಡ್ರೈನು, ಕಾಂಟ್ರಾಕ್ಟರು ಅಂತ ಮಾತಾಡ್ತಾ ಇದ್ವಿ. ಪಕ್ಕದ ಹಳೇ ಊರಿನ ಅಜ್ಜ ಒಬ್ರು ನಿಂತು ನೋಡ್ತಾ ಇದ್ದೋರು ಕೋಲಲ್ಲಿ ಆ ಕಡೆ ಈ ಕಡೆ ತೋರಿಸಿ, "ಅದು ತರಿ ಕಣಪ್ಪ, ಇದು ಖುಷ್ಕಿ. ನೀರಿಗೆ ತನ್ನ ಗದ್ದೆ ಮರೆತೋಗಿಲ್ಲ" ಅಂದ್ರು. ತರಿ ಅಂದ್ರೆ ಕೆರೆ ನೀರು ಹಾಯೋ ಗದ್ದೆ, ಖುಷ್ಕಿ ಅಂದ್ರೆ ಮಳೆ ನಂಬ್ಕೊಂಡು ರಾಗಿ ಬೆಳೆಯೋ ಹೊಲ. ನಮ್ಮ ಸೈಟುಗಳಿಗೆಲ್ಲ ಕ್ರಾಸ್ ನಂಬರ್ ಇತ್ತೇ ಹೊರತು ಈ ಗುರುತು ಯಾರಿಗೂ ಗೊತ್ತಿರಲಿಲ್ಲ. ಅವತ್ತಿಂದ ನಾನು ಭಾನುವಾರ ಭಾನುವಾರ ಕೂತು, ಓಡಾಡಿ ನಮ್ಮ ಏರಿಯಾ ಹೇಗೆ ಹೊಲದಿಂದ ಊರಾಗಿ, ಊರಿಂದ ಸಿಟಿ ಆಯ್ತು, ಯಾವ ಯಾವ ಕಾಲದಲ್ಲಿ ಯಾರು ಇದನ್ನ ಆಳ್ತಿದ್ರು ಅಂತ ಹುಡುಕ್ತಾ ಬಂದೆ. ಅದನ್ನ ನೀವೂ ಮಾಡೋಕೆ ಆಗತ್ತೆ, ಓದಿರಬೇಕು ಅಂತೇನಿಲ್ಲ, ತಾಳ್ಮೆ ಇದ್ರೆ ಸಾಕು. ನಾನು ಬೆಂಗಳೂರಿಂದ ಉದಾಹರಣೆ ಕೊಡ್ತೀನಿ ಯಾಕಂದ್ರೆ ನನಗೆ ಗೊತ್ತಿರೋದು ಅದೇ, ಬೇರೆ ಊರಿನೋರಿಗೆ ಮಧ್ಯದಲ್ಲಿ ಸ್ವಲ್ಪ ಹೇಳಿದೀನಿ.

ಶುರು ಮಾಡೋ ಮುಂಚೆ ಒಂದು ಪ್ರಶ್ನೆ ತಲೇಲಿ ಇಟ್ಕೊಳ್ಳಿ, ಇದೊಂದೇ ಇದ್ರೂ ಪರವಾಗಿಲ್ಲ: ಆ ಕಾಲದಲ್ಲಿ ಈ ಜಾಗ ಆಳ್ತಿದ್ದೋರಿಗೆ ದುಡ್ಡು ಎಲ್ಲಿಂದ ಬರ್ತಿತ್ತು? ಗದ್ದೆಯ ಭತ್ತದಿಂದ ಬರ್ತಿದ್ರೆ ಅವರು ಕೆರೆ ಕಾಯ್ತಾರೆ. ಸೈಟ್ ಮಾರಿ ಬರ್ತಿದ್ರೆ ಸೈಟ್ ಮಾಡ್ತಾರೆ. ಮನೆ ಕಂದಾಯದಿಂದ ಬರ್ತಿದ್ರೆ ಮನೆ ಎಣಿಸ್ತಾರೆ. ಮುಂದೆ ನೀವು ಏನೇ ಕಾಗದ ನೋಡಿದ್ರೂ, ಯಾವ ಕಲ್ಲು ಓದಿದ್ರೂ ಈ ಪ್ರಶ್ನೆ ಕೇಳ್ಕೊಳ್ಳಿ, ಅರ್ಧ ವಿಷಯ ತಾನಾಗೇ ಬಿಚ್ಕೊಳ್ಳತ್ತೆ.

ಮೊದಲು ನಿಮ್ಮ ಊರು ಯಾವುದು ಅಂತ ಗೊತ್ತಾಗ್ಲಿ

ಲೇಔಟ್ ಹೆಸರು ಬೇಡ, ಅಪಾರ್ಟ್‌ಮೆಂಟ್ ಹೆಸರಂತೂ ಬೇಡವೇ ಬೇಡ. ನಿಮ್ಮ ಕ್ರಯಪತ್ರ ತೆಗೀರಿ, ಕೊನೇಲಿ ಷೆಡ್ಯೂಲ್ ಅಂತ ಇರತ್ತೆ, ಅಲ್ಲಿ "ಇಂಥಾ ತಾಲ್ಲೂಕು, ಇಂಥಾ ಹೋಬಳಿ, ಇಂಥಾ ಗ್ರಾಮದ ಸರ್ವೆ ನಂಬರ್ ಇಷ್ಟು" ಅಂತ ಬರೆದಿರತ್ತೆ. ಆ ಗ್ರಾಮವೇ ನಿಮ್ಮ ಊರು. ಬಾಡಿಗೆ ಮನೇಲಿದ್ರೆ ದಿಶಾಂಕ್ ಆಪ್ ಹಾಕ್ಕೊಂಡು ನಿಂತಿರೋ ಜಾಗದಲ್ಲೇ ನೋಡಿ, ಕಾಲ ಕೆಳಗಿನ ಸರ್ವೆ ನಂಬರ್ ತೋರಿಸತ್ತೆ. ಕಾಫಿ ಅಂಗಡಿ, ಟೆಕ್ ಪಾರ್ಕು ಎಲ್ಲಾದ್ರೂ ಸರಿ, ಕೆಳಗೆ ಒಂದು ಗ್ರಾಮ ಇದ್ದೇ ಇರತ್ತೆ.

ಆಮೇಲೆ ಸುತ್ತಮುತ್ತ ಹತ್ತು ಊರಿನ ಹೆಸರು ಬರ್ಕೊಳ್ಳಿ. ಹೆಸರಲ್ಲೇ ತುಂಬಾ ಇದೆ. ಸಿಂಗಸಂದ್ರ, ಬೊಮ್ಮಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ ಇವೆಲ್ಲದರ ಬಾಲ "ಸಮುದ್ರ" ಅನ್ನೋದು, ಕೆರೆ ಕಟ್ಟಿಸಿ ಅದಕ್ಕೆ ಸಮುದ್ರ ಅಂತ ಹೆಸರಿಡೋದು ನಮ್ಮ ಕಡೆ ಹಳೇ ಪದ್ಧತಿ, ಅಂದ್ರೆ ಕೆರೆ ಆದ್ಮೇಲೆ ಊರು. ಕುಂಟೆ ಅಂದ್ರೆ ಸಣ್ಣ ನೀರಿನ ಗುಂಡಿ. ಪಾಳ್ಯ ಅಂದ್ರೆ ದಂಡು ಇಳಿದಿದ್ದ ಜಾಗ, ಇಲ್ಲಾ ಪಾಳೇಗಾರರ ಕಾಲದ ನೆಲೆ. ಅಗ್ರಹಾರ ಅಂದ್ರೆ ಬ್ರಾಹ್ಮಣರಿಗೆ ದತ್ತಿ ಬಿಟ್ಟ ಊರು. ಪೇಟೆ ಅಂದ್ರೆ ವ್ಯಾಪಾರ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಈ ಹೆಸರುಗಳಿಗೆ ವಿವರಣೆನೇ ಬೇಡ. ಬೆಳ್ಳಂದೂರು ಅಮಾನಿಕೆರೆ, ವರ್ತೂರು ಅಮಾನಿಕೆರೆ ಅಂತ ಕಂದಾಯ ದಾಖಲೇಲಿ ಬರತ್ತಲ್ಲ, ಅಮಾನಿ ಅಂದ್ರೆ ಸರ್ಕಾರ ಯಾರಿಗೂ ಗುತ್ತಿಗೆ ಕೊಡದೆ ನೇರವಾಗಿ ತಾನೇ ನೋಡ್ಕೊಳ್ತಿದ್ದದ್ದು. ಒಂದು ಕೆರೆನ ಸರ್ಕಾರ ತನ್ನ ಕೈಯಲ್ಲೇ ಇಟ್ಕೊಂಡಿತ್ತು ಅಂದ್ರೆ ಅದರ ಕೆಳಗೆ ಎಂಥಾ ಗದ್ದೆ ಬಯಲು ಇತ್ತು ಅಂತ ಯೋಚನೆ ಮಾಡಿ.

ಎರಡನೇದು ಕೆರೆ, ಇದಕ್ಕೆ ಇಡೀ ದಿನ ಇಡಿ

ಬೆಂಗಳೂರಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಊರು ಕೂತಿರೋದು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲೆ. ಮಳೆ ನೀರು ಮೂರು ಕಣಿವೆಗೆ ಇಳಿಯತ್ತೆ: ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ. ಮೊದಲೆರಡು ದಕ್ಷಿಣ ಪಿನಾಕಿನಿ ಕಡೆ, ವೃಷಭಾವತಿ ಅರ್ಕಾವತಿ ಸೇರಿ ಆಮೇಲೆ ಕಾವೇರಿಗೆ. ಇಳಿಯೋ ನೀರಿಗೆ ಅಡ್ಡಕ್ಕೆ ಮಣ್ಣಿನ ಏರಿ ಹಾಕಿ ನಿಲ್ಲಿಸಿದ್ರೆ ಕೆರೆ, ಅದು ತುಂಬಿ ಕೋಡಿ ಬಿದ್ರೆ ಮುಂದಿನ ಕೆರೆಗೆ, ಹೀಗೆ ಸರಪಳಿ. ನಿಮ್ಮ ಕೆರೆ ಈ ಸರಪಳೀಲಿ ಎಲ್ಲಿದೆ ಅಂತ ಮೊದಲು ಗೊತ್ತು ಮಾಡ್ಕೊಳ್ಳಿ, ಮೇಲಿನ ಕೆರೆ ಯಾವುದು, ಕೆಳಗಿನದು ಯಾವುದು. ಕೆರೆ ಇಲ್ಲವೇ ಇಲ್ಲ ಅನ್ನೋ ಏರಿಯಾದಲ್ಲೂ ಇತ್ತು ಅಂತಲೇ ಹುಡುಕಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಧರ್ಮಾಂಬುಧಿ ಕೆರೆ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ, ಅದರ ಒಂದು ಸಣ್ಣ ಹೊಂಡ ಮಾತ್ರ ಕರಗಕ್ಕೆ ಬೇಕು ಅಂತ ಉಳ್ಕೊಂಡಿದೆ. ಕೆರೆ ಹೋಯ್ತು, ಆಚರಣೆ ಬಿಡಲಿಲ್ಲ. ಯಾವುದೋ ಹಬ್ಬದಲ್ಲಿ ದೇವರನ್ನ ಸುಮ್ಮನೆ ಒಂದು ಖಾಲಿ ಜಾಗಕ್ಕೆ ಕರ್ಕೊಂಡು ಹೋಗಿ ಪೂಜೆ ಮಾಡಿ ಬರ್ತಿದ್ರೆ ಅಲ್ಲಿ ಮುಂಚೆ ನೀರಿತ್ತಾ ಅಂತ ಕೇಳಿ ನೋಡಿ.

ಕೆರೆ ಹತ್ರ ಹೋದ್ರೆ ವಾಕಿಂಗ್ ಟ್ರ್ಯಾಕ್ ಬಿಟ್ಟು ಏರಿ ಮೇಲೆ ನಿಲ್ಲಿ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಇಳಿಜಾರು, ಆ ಇಳಿಜಾರಿನ ಕಡೆ ಇರೋದೇ ಅಚ್ಚುಕಟ್ಟು, ಅಂದ್ರೆ ಆ ಕೆರೆ ನೀರು ಹಾಯೋ ಗದ್ದೆ ಬಯಲು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಇರಬಹುದು, ಆದ್ರೂ ಅದು ಅಚ್ಚುಕಟ್ಟೇ. ಏರಿಯ ಒಳಗಡೆ, ನೀರಿನ ಅಂಚಲ್ಲಿ ಎರಡು ಉದ್ದ ಕಲ್ಲಿನ ಕಂಬ, ಅದಕ್ಕೆ ಅಡ್ಡ ಚಪ್ಪಡಿ, ಚಪ್ಪಡೀಲಿ ದುಂಡು ತೂತು, ಇಂಥದ್ದು ಕಂಡ್ರೆ ಅದೇ ತೂಬು. ಆ ತೂತಲ್ಲಿ ಮರದ ಕೋಲು ಇಳಿಬಿಟ್ಟು, ಕೆಳಗಿನ ಬಾಯಿಗೆ ಬೆಣೆ ಕೂರಿಸಿ, ನೀರು ಬೇಕಾದಾಗ ಎತ್ತೋದು. ಎತ್ತೋ ಹಕ್ಕು ನೀರುಗಂಟಿಗೆ ಮಾತ್ರ. ಯಾರ ಗದ್ದೆಗೆ ಎಷ್ಟು ಹೊತ್ತು, ಮೊದಲು ಯಾರಿಗೆ, ಬರಗಾಲ ಬಂದ್ರೆ ಯಾರಿಗೆ ಎಷ್ಟು ಕಮ್ಮಿ, ಎಲ್ಲ ಅವನ ಲೆಕ್ಕ, ಅವನ ಕೂಲಿ ಕಾಳಿನ ರೂಪದಲ್ಲಿ ಗದ್ದೆಯೋರು ಕೊಡೋದು. ನಾನು ಮೊದಲ ಸಲ ನಮ್ಮ ಕೆರೆ ತೂಬಿನ ಕಂಬ ಮುಟ್ಟಿ ನೋಡಿದಾಗ ತೂತಿನ ಒಳಗಿನ ಅಂಚು ಹಸುವಿನ ಕೊಂಬಿನ ಥರ ನುಣ್ಣಗಿತ್ತು, ಎಷ್ಟು ತಲೆಮಾರು ಕೋಲು ಉಜ್ಜಿರಬೇಕು ಅಲ್ಲಿ. ರಾಜರು, ಯುದ್ಧ ಎಲ್ಲ ಪುಸ್ತಕದಲ್ಲಿ ಓದಿದ್ದೆ, ಆಡಳಿತ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಆ ತೂತು ಮುಟ್ಟಿದ ಮೇಲೇ.

ಕಲ್ಲು ಓದೋದು

ಹಳೇ ಊರಿನ ದೇವಸ್ಥಾನ, ಅರಳಿಕಟ್ಟೆ, ಕೆರೆ ಏರಿ, ಕೆಲವು ಸಲ ಚರಂಡಿ ಮೇಲಿನ ಚಪ್ಪಡಿ, ಇಲ್ಲೆಲ್ಲ ಕಲ್ಲು ಹುಡುಕಿ. ವೀರಗಲ್ಲು ಆದ್ರೆ ಕೆಳಗಿಂದ ಮೇಲಕ್ಕೆ ನೋಡಬೇಕು: ಕೆಳಗಿನ ಪಟ್ಟೀಲಿ ಹೋರಾಟ, ಮಧ್ಯದಲ್ಲಿ ಅಪ್ಸರೆಯರು ಅವನನ್ನ ಕರ್ಕೊಂಡು ಹೋಗ್ತಿರೋದು, ಮೇಲೆ ಶಿವಲಿಂಗದ ಮುಂದೆ ಕೂತಿರೋದು. ಕೆಳಗಿನ ಪಟ್ಟೀಲಿ ದನ ಇದ್ರೆ ತುರುಗೋಳ್, ಅಂದ್ರೆ ದನ ಹೊಡ್ಕೊಂಡು ಹೋಗೋರ ಜೊತೆ ಕಾದಾಡಿ ಸತ್ತಿದ್ದು. ಆಗ ಆ ಜಾಗದ ಸಂಪತ್ತು ದನ ಅಂತ ಕಲ್ಲೇ ಹೇಳ್ತಿದೆ. ವಾಮನನ ಚಿತ್ರ ಇರೋ ಗಡಿಕಲ್ಲು ವಿಷ್ಣು ದೇವಸ್ಥಾನದ ಭೂಮಿಗೆ, ಲಿಂಗಮುದ್ರೆ ಕಲ್ಲು ಶಿವನ ದೇವಸ್ಥಾನದ್ದಕ್ಕೆ, ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ) ಇದ್ರೆ ಜೈನ ಬಸದಿದು.

ಅಕ್ಷರ ಇದ್ರೆ ದಯವಿಟ್ಟು ಚಾಕು, ತಂತಿ ಬ್ರಷ್, ಆಸಿಡ್ ಏನೂ ಹಾಕಬೇಡಿ. ಬರೀ ನೀರು, ಮೆತ್ತಗಿನ ಬ್ರಷ್ ಸಾಕು. ಸಂಜೆ ಕತ್ತಲಾದ ಮೇಲೆ ಟಾರ್ಚ್‌ನ ಕಲ್ಲಿನ ಪಕ್ಕದಿಂದ, ಹೆಚ್ಚುಕಮ್ಮಿ ಕಲ್ಲಿಗೆ ಅಂಟಿಸಿದ ಹಾಗೆ ಹಿಡೀರಿ, ಹಗಲಲ್ಲಿ ಕಾಣದ ಅಕ್ಷರ ನೆರಳಲ್ಲಿ ಎದ್ದು ಬರತ್ತೆ. ಓದೋಕೆ ಬರದಿದ್ರೂ ಚಿಂತೆ ಇಲ್ಲ, ಬಿ.ಎಲ್. ರೈಸ್ ಅವರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನ ಸಂಗ್ರಹದ 9ನೇ ಸಂಪುಟ (1905) ಬೆಂಗಳೂರು ಜಿಲ್ಲೇದು, ತಾಲ್ಲೂಕುವಾರು ನಂಬರ್ ಹಾಕಿ ಕೊಟ್ಟಿದಾರೆ, ಸ್ಕ್ಯಾನ್ ಪ್ರತಿ ನೆಟ್ಟಲ್ಲೇ ಸಿಗತ್ತೆ. ನಿಮ್ಮ ಊರಿನ ಹೆಸರು ಅದರಲ್ಲಿ ಇದ್ರೆ ಕಲ್ಲು ಎಲ್ಲಿತ್ತು ಅಂತ ಒಂದು ಸಾಲು ಇರತ್ತೆ, "ಊರ ಪೂರ್ವಕ್ಕೆ ಹೊಲದಲ್ಲಿ" ಅನ್ನೋ ಥರ. ಆ ಕಲ್ಲು ಈಗಲೂ ಇದೆಯಾ ನೋಡ್ಕೊಂಡು ಬನ್ನಿ. ಇಲ್ಲದೇ ಇದ್ರೆ ಅದೂ ಚರಿತ್ರೆನೇ, ಬರ್ಕೊಳ್ಳಿ. ಸಿಕ್ಕಿದ ಹೊಸ ಕಲ್ಲನ್ನ ಮಿಥಿಕ್ ಸೊಸೈಟಿಯೋರಿಗೆ ತಿಳಿಸಿ, ಬೆಂಗಳೂರಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಉಳಿಸೋ ಕೆಲಸ ಅವರು ಮಾಡ್ತಿದಾರೆ.

ಶಾಸನದಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಅಂದ್ರೆ ನಾಡಿನ ಹೆಸರಿನ ಪಕ್ಕದ ನಂಬರ್. ಹೆಬ್ಬಾಳದ ಕಿತ್ತಯ್ಯನ ಕಲ್ಲು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ನೇ ಇಸವಿ, ಅದರಲ್ಲಿ ಪೆರ್ಬೊಳಲ್ ನಾಡು ಮೂವತ್ತು ಅಂತ ಬರತ್ತೆ. ಪೆರ್ಬೊಳಲ್ ಸವೆದು ಸವೆದು ಹೆಬ್ಬಾಳ ಆಗಿದೆ. ಬೇಗೂರಿನ ಒಂದು ದೊಡ್ಡ ವೀರಗಲ್ಲು ಈಗ ಕಸ್ತೂರ್ಬಾ ರಸ್ತೆ ಮ್ಯೂಸಿಯಂನಲ್ಲಿದೆ, ಅದರಲ್ಲಿ ನಾಗತ್ತರ ಅನ್ನೋನು ತುಂಬೆಪಾಡಿ ಕಾಳಗದಲ್ಲಿ ಸತ್ತ ಮೇಲೆ ಗಂಗರ ಎರೆಯಪ್ಪ ಇರುಗ ಅನ್ನೋನಿಗೆ ಬೆಂಪೂರು (ಈಗಿನ ಬೇಗೂರು) ಹನ್ನೆರಡನ್ನ ಕೊಟ್ಟ ಅಂತ ಊರುಗಳ ಹೆಸರು ಸಮೇತ ಇದೆ. ಹನ್ನೆರಡು ಊರು ಒಂದು ಗುಂಪು, ಅದಕ್ಕೊಬ್ಬ ಒಡೆಯ, ಅವನಿಗೆ ಆ ಊರುಗಳ ಹುಟ್ಟುವಳೀಲಿ ಪಾಲು, ಅದಕ್ಕೆ ಬದಲಾಗಿ ಅವನು ಯುದ್ಧಕ್ಕೆ ಹೋಗಿ ಸಾಯೋಕೂ ರೆಡಿ. ಅದೇ ಬೇಗೂರಿನ ದೇವಸ್ಥಾನದಲ್ಲಿರೋ ಸುಮಾರು 890ರ ಕಲ್ಲಲ್ಲೇ "ಬೆಂಗಳೂರು ಕಾಳಗ" ಅನ್ನೋ ಮಾತು ಇರೋದು. ಕೆಂಪೇಗೌಡರು ಪೇಟೆ ಕಟ್ಟಿದ್ದು 1537 ಅಂತೀವಿ, ಅದಕ್ಕೂ ಆರು ನೂರು ವರ್ಷ ಮುಂಚೆ ಹೆಸರು ಇತ್ತು. ಇವತ್ತಿಗೂ ನಿಮ್ಮ ಕ್ರಯಪತ್ರದಲ್ಲಿ "ಬೇಗೂರು ಹೋಬಳಿ" ಅಂತ ಇದ್ರೆ ಒಂದ್ಸಲ ನಿಂತು ನೋಡಿ, ಸಾವಿರದ ನೂರು ವರ್ಷದ ಹಿಂದೆಯೂ ಸುತ್ತಲ ಹಳ್ಳಿಗಳಿಗೆ ಅದೇ ಊರು ದೊಡ್ಡೂರು.

ಕೆರೆ ಶಾಸನ ಸಿಕ್ಕಿದ್ರೆ ಬಿತ್ತುವಟ್ಟ, ಕಟ್ಟುಕೊಡಗೆ ಅನ್ನೋ ಪದ ಹುಡುಕಿ. ಕೆರೆ ಕಟ್ಟಿದೋನಿಗೆ, ರಿಪೇರಿ ಮಾಡಿಸೋನಿಗೆ ಅದೇ ಕೆರೆ ಕೆಳಗಿನ ಗದ್ದೆಯ ಪಾಲು ಬಿಟ್ಟು ಕೊಡೋದು. ನಾನು ಮೊದಲು ಹೇಳಿದ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ಇನ್ನೆಲ್ಲೂ ಸಿಗಲ್ಲ, ಕೆರೆ ತುಂಬಿದ್ರೆ ಮಾತ್ರ ಅವನ ಮನೇಲಿ ಅನ್ನ. ಕೊನೇಲಿ ಶಾಪ ಇರತ್ತೆ, ಈ ಧರ್ಮ ಅಳಿದೋನಿಗೆ ವಾರಣಾಸೀಲಿ ಕವಿಲೆ ಹಸು ಕೊಂದ ಪಾಪ ಅಂತ.

ನಕ್ಷೆ ಮತ್ತು ಪಹಣಿ

ಹೈದರಾಲಿ, ಟಿಪ್ಪು, 1799 ಆದ್ಮೇಲೆ ಒಡೆಯರು, 1831ರಿಂದ ಬ್ರಿಟಿಷ್ ಕಮಿಷನರ್‌ಗಳು, ಇದೆಲ್ಲ ನಿಮಗೆ ಗೊತ್ತಿರೋದೇ, ಬೇಗ ದಾಟಿಬಿಡೋಣ. ನಮಗೆ ಬೇಕಾಗಿರೋದು 1860ರ ದಶಕದಲ್ಲಿ ಮೈಸೂರು ಸೀಮೇಲಿ ಶುರುವಾದ ಸರ್ವೆ. ಬಾಂಬೆ ಪದ್ಧತಿ ಅನುಸರಿಸಿ ಒಂದೊಂದು ಹೊಲ ಅಳೆದು, ನಂಬರ್ ಹಾಕಿ, ಮೂಲೆಗೆ ಬಾಂದು ಕಲ್ಲು ನೆಟ್ಟು, ಎಕರೆಗೆ ಇಷ್ಟು ಕಂದಾಯ ಅಂತ ಗೊತ್ತು ಮಾಡಿದ್ದು. ಇವತ್ತಿನ ಸರ್ವೆ ನಂಬರುಗಳ ಮೂಲ ಅದು. ಅಳತೆ 33 ಅಡಿ ಸರಪಳೀಲಿ, ಒಂದು ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದ್ರೆ 1,089 ಚದರಡಿ, ಅದೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ನಿಮ್ಮ 30×40 ಸೈಟು ಒಂದು ಗುಂಟೆಗಿಂತ ಚೂರು ದೊಡ್ಡದು.

ಗ್ರಾಮ ನಕ್ಷೆನ ಕಂದಾಯ ಇಲಾಖೆ ವೆಬ್‌ಸೈಟಿಂದ ಇಳಿಸ್ಕೊಳ್ಳಿ, ಸಾಮಾನ್ಯವಾಗಿ 1:7920 ಅಳತೆ, ಅಂದ್ರೆ 8 ಇಂಚಿಗೆ ಒಂದು ಮೈಲಿ. ದೊಡ್ಡದಾಗಿ ಪ್ರಿಂಟ್ ಹಾಕ್ಸಿ, ಫೋನ್ ಸ್ಕ್ರೀನಲ್ಲಿ ಇದು ಆಗೋ ಕೆಲಸ ಅಲ್ಲ. ಕಲರ್ ಪೆನ್ಸಿಲ್ ತಗೊಳ್ಳಿ. ಕೆರೆಗೆ ನೀಲಿ. ಹಳ್ಳ, ಕಾಲುವೆಗೂ ನೀಲಿ. ಸರ್ವೆ ನಂಬರ್ ಇಲ್ಲದೆ ಮನೆ ಗುರುತು ಇರೋ ಜಾಗ ಗ್ರಾಮಠಾಣಾ, ಅದಕ್ಕೆ ಕೆಂಪು, ಈಗ ಹೋಗಿ ನೋಡಿದ್ರೆ ಸಂದಿಗೊಂದಿ, ಮಾರಮ್ಮನ ಗುಡಿ ಇರೋದು ಅಲ್ಲೇ. ಗುಂಡುತೋಪು, ಗೋಮಾಳ, ಸ್ಮಶಾನ ಇವಕ್ಕೆ ಹಸಿರು. ಬಂಡಿ ದಾರಿಗೆ ಕಂದು ಬಣ್ಣ, ನೋಡ್ತಿರಿ, ಈಗಿನ ಮೇನ್ ರೋಡು ಎಷ್ಟೋ ಕಡೆ ಆ ಬಂಡಿ ದಾರಿನೇ, ಅದಕ್ಕೇ ಕಾರಣ ಇಲ್ಲದೆ ಅಲ್ಲಲ್ಲಿ ತಿರುವು ತಗೊಳ್ಳೋದು. ಅಲ್ಲಿ ಯಾರದ್ದೋ ಹೊಲದ ಮೂಲೆ ಇತ್ತು.

ಈಗ ಏರಿಯ ಕೆಳಗಿನ ಸರ್ವೆ ನಂಬರುಗಳನ್ನ ನೋಡಿ. ಕೆರೆ ಹತ್ತಿರದ ತುಂಡುಗಳು ಸಣ್ಣ ಸಣ್ಣಕ್ಕೆ, ಉದ್ದಕ್ಕೆ ಪಟ್ಟಿ ಪಟ್ಟಿ ಆಗಿರತ್ತೆ, ದೂರ ಹೋದಷ್ಟು ದೊಡ್ಡ ಚೌಕ. ನೀರು ಸಿಗೋ ಭೂಮಿಗೆ ಬೆಲೆ ಜಾಸ್ತಿ, ಅಣ್ಣತಮ್ಮಂದಿರು ಪಾಲು ಮಾಡ್ಕೊಳ್ಳುವಾಗ ಎಲ್ಲರಿಗೂ ಕಾಲುವೆ ಮುಟ್ಟೋ ಹಾಗೆ ಹಂಚ್ಕೊಂಡಿದ್ದು, ಅದಕ್ಕೆ ಪಟ್ಟಿ. ನಮ್ಮ ನಾಲ್ಕನೇ ಕ್ರಾಸ್ ಬಿದ್ದಿರೋದು ಅಂಥಾ ಐದು ಪಟ್ಟಿಗಳ ಮೇಲೆ, ಮಧ್ಯದಲ್ಲಿ ಒಂದು ಕಾಲುವೆ ಗೆರೆ ಇತ್ತು, ನಕ್ಷೇಲಿ ನೋಡಿದಾಗ ನಮ್ಮ ಪಕ್ಕದ ಬಿಲ್ಡಿಂಗಿನ ಬೇಸ್‌ಮೆಂಟ್ ಇಳಿಯೋ ರ್‍ಯಾಂಪು ಸರಿಯಾಗಿ ಅದರ ಮೇಲೆ ಬಂತು. ಅಜ್ಜ ಕೋಲಲ್ಲಿ ತೋರಿಸಿದ್ದೂ ಅದೇ ಜಾಗ. ಮೈ ಝುಂ ಅಂತು ನನಗೆ.

ಪಹಣಿ ಅಂದ್ರೆ ಜಮೀನಿನ ಮಾಲೀಕರು, ಬೆಳೆ ಎಲ್ಲ ಬರೆದಿರೋ ಕಂದಾಯ ದಾಖಲೆ. ಅದರಲ್ಲಿ ಮೂರನೇ ಕಾಲಂ ಮೊದಲು ನೋಡಿ, ಅಲ್ಲಿ ಖರಾಬು ಅಂತ ಕಳೆದಿರ್ತಾರೆ. ಅ ಖರಾಬು ಅಂದ್ರೆ ಬಂಡೆ ಗಿಂಡೆ ಇದ್ದು ಸಾಗುವಳಿ ಆಗದ್ದು, ಬ ಖರಾಬು ಅಂದ್ರೆ ದಾರಿ, ಹಳ್ಳ, ಕಾಲುವೆ ಅಂತ ಸಾರ್ವಜನಿಕರಿಗೆ ಬಿಟ್ಟಿದ್ದು. ಎರಡು ಗುಂಟೆ ಬ ಖರಾಬು ಇದ್ದ ಸರ್ವೆ ನಂಬರಲ್ಲಿ ಈಗ ಇಡೀ ಜಾಗಕ್ಕೆ ಕಾಂಪೌಂಡ್ ಬಿದ್ದಿದ್ರೆ ಆ ಎರಡು ಗುಂಟೆ ಎಲ್ಲಿ ಹೋಯ್ತು ಅಂತ ಕೇಳೋ ಹಕ್ಕು ನಿಮಗಿದೆ. 9ನೇ ಕಾಲಂ ಮಾಲೀಕರದ್ದು, 12ನೇದು ಸಾಗುವಳಿ, ಬೆಳೆ. 2000ದ ಆಚೀಚೆ ಭೂಮಿ ಯೋಜನೇಲಿ ಪಹಣಿ ಕಂಪ್ಯೂಟರಿಗೆ ಹೋಯ್ತು, ಅದಕ್ಕಿಂತ ಹಳೇದು ಬೇಕು ಅಂದ್ರೆ ತಾಲ್ಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಅರ್ಜಿ ಹಾಕಬೇಕು. ನಾನು ಹಾಕಿದ ಒಂದು ಕಚೇರೀಲಿ ಏಳು ಸಲ ಅಲೆದ ಮೇಲೆ ಕೈಬರಹದ ಪಹಣಿ ಸಿಕ್ತು, ಆದ್ರೆ ಸಿಕ್ಕಿದಾಗ ಬೆಳೆ ಕಾಲಂನಲ್ಲಿ ಒಂದು ವರ್ಷ "ಭತ್ತ", ಮುಂದಿನ ವರ್ಷ "ಭತ್ತ", ಆಮೇಲೆ "ರಾಗಿ", ಆಮೇಲೆ "ನೀಲಗಿರಿ", ಆಮೇಲೆ "ಬೀಳು". ಐದು ಪದದಲ್ಲಿ ಒಂದು ಕೆರೆ ಸತ್ತ ಕಥೆ. ಅಲೆಯೋದು ಬೇಜಾರು ಅಂತ ಬಿಡಬೇಡಿ, ಅರ್ಜೀಲಿ ಸರ್ವೆ ನಂಬರ್, ಯಾವ ವರ್ಷದಿಂದ ಯಾವ ವರ್ಷದ ತನಕ ಅಂತ ಸರಿಯಾಗಿ ಬರೀರಿ, ಸ್ವೀಕೃತಿ ನಂಬರ್ ಜೋಪಾನವಾಗಿ ಇಟ್ಕೊಳ್ಳಿ.

ಇದರ ಜೊತೆಗೆ ಜನಗಣತಿಯ ಜಿಲ್ಲಾ ಕೈಪಿಡಿ ನೋಡಿ, 1971, 81, 91ರ ಪುಸ್ತಕಗಳಲ್ಲಿ ಊರೂರಿಗೂ ನೀರಾವರಿ ಭೂಮಿ ಎಷ್ಟು, ಒಣಭೂಮಿ ಎಷ್ಟು ಅಂತ ಇದೆ. ಸರ್ವೆ ಆಫ್ ಇಂಡಿಯಾದ ಹಳೇ ಟೋಪೋ ಶೀಟು (ಬೆಂಗಳೂರಿಗೆ 57 ಜಿ/12, 57 ಹೆಚ್/9), ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಕ್ಕೆ ಎಳೆಯೋ ಪಟ್ಟಿ, ಇವೆರಡೂ ಸೇರಿಸ್ಕೊಳ್ಳಿ.

ಬೇರೆ ಕಡೆಯೋರಿಗೆ ಒಂದು ಮಾತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಕಡೆ ಬಾಂಬೆ ಸರ್ಕಾರದ ಸರ್ವೆ ಇನ್ನೂ ಮುಂಚೆನೇ ಆಗಿದೆ, ಅಲ್ಲಿ ಪಹಣಿಗೆ ಉತಾರ ಅಂತಾರೆ. ಮಂಗಳೂರು ಕಡೆ ಮದ್ರಾಸ್ ಪದ್ಧತಿ, ಕುಮ್ಕಿ ಜಮೀನು ಅಂತ ಬೇರೆ ಲೋಕವೇ ಇದೆ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ದಾಖಲೆ. ಪದ ಬೇರೆ, ಕೇಳೋ ಪ್ರಶ್ನೆ ಮಾತ್ರ ಅದೇ.

ಯಾರು ಆಳ್ತಿದ್ರು ಅಂತ ಒಂದು ಪಟ್ಟಿ ಮಾಡಿ

ಒಂದು ಉದ್ದ ಹಾಳೆ ತಗೊಂಡು ಎಡಗಡೆ ಇಸವಿ, ಪಕ್ಕದಲ್ಲಿ ನಿಮ್ಮ ಊರಿಗೆ ಆಗ ಯಾರು ಯಜಮಾನ, ಅದರ ಪಕ್ಕ ಅವರ ಆದಾಯ ಎಲ್ಲಿಂದ, ಕೊನೇಲಿ ಕೆರೆ ಯಾರ ಕೈಲಿ, ಅಂತ ನಾಲ್ಕು ಕಾಲಂ. ಗಾವುಂಡ, ಪಾಳೇಗಾರ, ಅಮಲ್ದಾರ ಆದ್ಮೇಲೆ ಊರ ಮಟ್ಟದಲ್ಲಿ ಪಟೇಲ, ಶ್ಯಾನುಭೋಗ, ತೋಟಿ, ತಳವಾರ, ನೀರುಗಂಟಿ. ಇವೆಲ್ಲ ವಂಶಪಾರಂಪರ್ಯ. ಪಟೇಲ-ಶ್ಯಾನುಭೋಗಿಕೆ 1961ರ ಕಾಯ್ದೆಯಿಂದ ಹೋಯ್ತು. ಹೋಗಬೇಕಾದ್ದೇ, ಒಂದೇ ಮನೆತನದ ಕೈಲಿ ಇಡೀ ಊರಿನ ಲೆಕ್ಕ ಇರೋದ್ರಿಂದ ಎಷ್ಟು ಜನ ಜಮೀನು ಕಳ್ಕೊಂಡಿದಾರೆ ಅಂತ ಹಳಬರನ್ನ ಕೇಳಿ ಗೊತ್ತಾಗತ್ತೆ. ಆದ್ರೆ ನೀರುಗಂಟಿ ಮಾಡ್ತಿದ್ದ ಕೆಲಸಕ್ಕೆ ಬೇರೆ ಯಾರನ್ನೂ ಸರಿಯಾಗಿ ನೇಮಿಸಲಿಲ್ಲ, ಇದು ನನ್ನ ಎದೇಲಿ ಕೂತಿರೋ ನೋವು.

ಆಮೇಲೆ 1974ರ ಭೂಸುಧಾರಣೆ ತಿದ್ದುಪಡಿ, ದೇವರಾಜ ಅರಸು ಕಾಲ, ಉಳುವವನೇ ಹೊಲದೊಡೆಯ. ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತು ಜಮೀನು ಪಡೆದ್ರು. ನಿಮ್ಮ ಲೇಔಟ್‌ನ ಹಳೇ ಮ್ಯುಟೇಶನ್ (ಜಮೀನು ಯಾರ ಹೆಸರಿಂದ ಯಾರ ಹೆಸರಿಗೆ ಹೋಯ್ತು ಅನ್ನೋ ದಾಖಲೆ) ತೆಗೆದ್ರೆ ಎಷ್ಟೋ ಕಡೆ ಈ ಆದೇಶದ ನಂಬರ್ ಸಿಗತ್ತೆ. ಅದೇ ಮನೆತನ ಇಪ್ಪತ್ತು ಮೂವತ್ತು ವರ್ಷ ಆದ್ಮೇಲೆ ಸೈಟ್ ಮಾಡೋರಿಗೆ ಮಾರಿದ್ದೂ ಸಿಗತ್ತೆ, ಇಲ್ಲಾ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸ್ವಾಧೀನ ಮಾಡ್ಕೊಂಡಿದ್ದು. ಬಿಡಿಎ ಕಾಯ್ದೆ 1976ರದ್ದು, ಅದಕ್ಕೂ ಮುಂಚೆ 1945ರಿಂದ ಸಿಐಟಿಬಿ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್). ಇನ್ನೂ ಹಿಂದಕ್ಕೆ ಹೋದ್ರೆ 1898ರ ಪ್ಲೇಗ್, ಪೇಟೆಯ ಇಕ್ಕಟ್ಟಿಗೆ ಹೆದರಿ ಮಲ್ಲೇಶ್ವರ, ಬಸವನಗುಡಿ ಬೆಳೆದಿದ್ದು, ಅಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ (ಕಸ, ಮಲ ಸಾಗಿಸೋ ಹಿತ್ತಲ ಓಣಿ) ಇರೋದು ಆ ಭಯದ ಗುರುತು.

ಊರಾಡಳಿತ ಹೀಗೆ ಬರತ್ತೆ: 1862ರಲ್ಲಿ ಪೇಟೆಗೆ ಪುರಸಭೆ, ದಂಡಿಗೆ (ಕಂಟೋನ್ಮೆಂಟಿಗೆ) ಬೇರೆ, ಎರಡೂ ಸೇರಿ ಕಾರ್ಪೊರೇಶನ್ ಆಗಿದ್ದು 1949. ಹೊರಗಿನ ಹಳ್ಳಿಗಳಿಗೆ ಪಂಚಾಯ್ತಿ, 1987ರ ಚುನಾವಣೆ ಆದ್ಮೇಲೆ ಮಂಡಲ ಪಂಚಾಯ್ತಿ, 1993ರ ಕಾಯ್ದೆ ಆದ್ಮೇಲೆ ಗ್ರಾಮ ಪಂಚಾಯ್ತಿ, ಕೆಲವಕ್ಕೆ ನಗರಸಭೆ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲ ಸೇರಿಸಿ ಬಿಬಿಎಂಪಿ ಮಾಡಿದ್ರು, 198 ವಾರ್ಡು, ಮೊದಲ ಚುನಾವಣೆ ಆಗೋ ಹೊತ್ತಿಗೆ 2010. ಇನ್ನೊಂದು 2015ರಲ್ಲಿ. 2020ರ ಸೆಪ್ಟೆಂಬರಿಗೆ ಕೌನ್ಸಿಲ್ ಅವಧಿ ಮುಗೀತು, ಮತ್ತೆ ಬಿಬಿಎಂಪಿಗೆ ಚುನಾವಣೆ ಆಗಲೇ ಇಲ್ಲ, 2025ರ ಸೆಪ್ಟೆಂಬರಲ್ಲಿ ಅದೇ ಹೋಗಿ ಐದು ಪಾಲಿಕೆ ಬಂತು.

ಈ ಪಟ್ಟಿ ಪಕ್ಕ ನಿಮ್ಮ ಏರಿಯಾದ ಮೊದಲ ಮನೆ ಎದ್ದ ವರ್ಷ ಬರೀರಿ. ನಮ್ಮಲ್ಲಿ ಮನೆ ಎದ್ದಿದ್ದು ಪಂಚಾಯ್ತಿ ಕಾಲದಲ್ಲಿ, ಚರಂಡಿ ಜವಾಬ್ದಾರಿ ಪಾಲಿಕೆಗೆ ಬಂದಿದ್ದು ಹದಿನೈದು ವರ್ಷ ಆದ್ಮೇಲೆ. ಕಾಲುವೆ ಮುಚ್ಚಿದ್ದು, ಏರಿ ಒಡೆದಿದ್ದು, ಎಲ್ಲ ಆ ಹದಿನೈದು ವರ್ಷದ ಒಳಗೆ. ಭತ್ತದ ಪಾಲು ತಿನ್ನೋರು ಯಾರೂ ಉಳಿದಿರಲಿಲ್ಲ, ಕಂದಾಯಕ್ಕೆ ಮನೆ ಎಣಿಸೋರು ಇನ್ನೂ ಬಂದಿರಲಿಲ್ಲ. ನಿಮ್ಮ ಏರಿಯಾದಲ್ಲೂ ಈ ಗ್ಯಾಪ್ ಇದೆಯಾ ನೋಡಿ, ಹತ್ತಕ್ಕೆ ಎಂಟು ಕಡೆ ಇರತ್ತೆ ಅಂತ ನನ್ನ ನಂಬಿಕೆ.

ಹಿರಿಯರ ಹತ್ರ ಮಾತಾಡೋದು

ಕಾಗದ ನೋಡಿದ ಮೇಲೇ ಹೋಗಿ, ಮುಂಚೆ ಹೋದ್ರೆ ಏನು ಕೇಳಬೇಕು ಅಂತ ಗೊತ್ತಾಗಲ್ಲ. "ಹಳೇ ಕಾಲದ ಬಗ್ಗೆ ಹೇಳಿ ತಾತ" ಅಂದ್ರೆ ಅವರಿಗೂ ತೋಚಲ್ಲ, "ಎಲ್ಲಾ ಚೆನ್ನಾಗಿತ್ತು" ಅಂತ ಮುಗಿಸ್ತಾರೆ. ನಕ್ಷೆ ಬಿಡಿಸಿಟ್ಟು "ತಾತ, ಈ ಗದ್ದೆಗೆ ಯಾವ ತೂಬಿನ ನೀರು?" ಅಂತ ಕೇಳಿ ನೋಡಿ. ನಮ್ಮ ಅಜ್ಜ ಬೆರಳಿಟ್ಟು ಒಂದೊಂದೇ ಗದ್ದೆ ಹೆಸರು ಹೇಳ್ತಾ ಹೋದ್ರು, ಹುಣಸೆಮರದ ಗದ್ದೆ, ಕೋಡಿ ಗದ್ದೆ, ಗುಡಿ ಮಾನ್ಯ, ಸಾಲಕ್ಕೆ ಹೋದ ಗದ್ದೆ. ಸರ್ವೆ ನಂಬರ್ ಯಾವುದೂ ಅವರಿಗೆ ಗೊತ್ತಿಲ್ಲ, ಹೆಸರು ಗೊತ್ತು. ಹೆಂಗಸರನ್ನ ಬಿಡಬೇಡಿ, ನಾಟಿ ಮಾಡಿದೋರು ಅವರು, ಯಾವ ಗದ್ದೇಲಿ ಕಾಲು ಎಷ್ಟು ಆಳ ಹೂತ್ಕೊಳ್ತಿತ್ತು ಅಂತ ಅವರಿಗೇ ಗೊತ್ತು, ನಮ್ಮ ನಾಲ್ಕನೇ ಕ್ರಾಸ್ ಬಗ್ಗೆ ಒಬ್ಬ ಅಜ್ಜಿ "ಅಲ್ಲಿ ಮಂಡಿವರೆಗೂ ಕೆಸರು, ಬೇಸಿಗೇಲೂ ಆರ್ತಿರಲಿಲ್ಲ" ಅಂದ್ರು. ಹಾಗೇ ಊರಾಚೆ ಕೇರಿಗೂ ಹೋಗಿ ಕೇಳಿ. ತೋಟಿ, ನೀರುಗಂಟಿ ಕೆಲಸ ಮಾಡಿದ ಮನೆಗಳು ಹೆಚ್ಚಾಗಿ ಅಲ್ಲೇ ಇರೋದು, ಗೌಡರ ಮನೇಲಿ ಕೇಳಿದ ಕಥೆಗೂ ಅಲ್ಲಿ ಕೇಳಿದ ಕಥೆಗೂ ತುಂಬಾ ವ್ಯತ್ಯಾಸ ಬರತ್ತೆ, ಎರಡನ್ನೂ ಹಾಗಾಗೇ ಬರ್ಕೊಳ್ಳಿ. ರೆಕಾರ್ಡ್ ಮಾಡೋ ಮುಂಚೆ ಕೇಳಿ, ಜಮೀನು ಕೇಸ್ ನಡೀತಿದ್ರೆ ಆ ವಿಷಯ ಎತ್ತಬೇಡಿ.

ಎಲ್ಲ ಸೇರಿಸಿ ಒಂದು ದೊಡ್ಡ ನಕ್ಷೆ ಮಾಡಿ ಅಸೋಸಿಯೇಶನ್ ನೋಟಿಸ್ ಬೋರ್ಡಿಗೆ ಹಾಕಿ, ಗದ್ದೆ ಹೆಸರುಗಳ ಸಮೇತ. ನಾನು ಹಾಕಿದ ವಾರದಲ್ಲೇ ಇಬ್ಬರು ಬಂದು ತಪ್ಪು ತಿದ್ದಿದ್ರು, ಒಬ್ರು ಅವರ ಅಪ್ಪನ ಕಂದಾಯ ರಶೀದಿ ತಂದು ಕೊಟ್ರು.

ನಮ್ಮ ಕೆರೆಗೆ ಎರಡು ತೂಬು ಅಂತ ಅಜ್ಜ ಹೇಳ್ತಾರೆ, ನನಗೆ ಸಿಕ್ಕಿರೋದು ಒಂದೇ. ಇನ್ನೊಂದು ಹೂಳಲ್ಲಿ ಮುಚ್ಚಿರಬೇಕು. ನೀವು ತೂಬು ಹುಡುಕೋಕೆ ಹೋಗೋದಾದ್ರೆ ಯುಗಾದಿ ಕಳೆದ ಮೇಲೆ, ಮುಂಗಾರಿಗೆ ಮುಂಚೆ ಹೋಗಿ, ಆಗ ನೀರು ಇಳಿದಿರತ್ತೆ, ಬೆಳಗ್ಗೆ ಏಳು ಗಂಟೆ ಹೊತ್ತಿಗೆ ಓರೆ ಬಿಸಿಲಲ್ಲಿ ಕಲ್ಲಿನ ತುದಿ ಕಂಡ್ರೂ ಕಾಣಬಹುದು. ಹಾವು ಇರತ್ತೆ, ಬೂಟು ಹಾಕ್ಕೊಳ್ಳಿ, ಒಬ್ಬರೇ ಇಳಿಯಬೇಡಿ.